ಕೊಂಗುನಾಡಿನ ಕನ್ನಡಿಗರೂ ಮನಸ್ಸಿನ ಕನ್ನಡಿಯೂ

1956ನೆಯ ಇಸವಿ ನವೆಂಬರ್ 1ನೆಯ ತಾರೀಕಿಗೆ ಕಾಸರಗೋಡು ಕೇರಳಕ್ಕೆ ಸೇರಿತೆಂಬುದು ಈ ವಾರ್ಷಿಕದ ಓದುಗರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ನಮ್ಮ ಮನೆಗಳಲ್ಲಿ ಅದು ಮದುವೆಯ ದಿನ, ಮರಣದ ದಿನಗಳಂತೆ ನೆನಪಿನಲ್ಲಿ ಉಳಿದ ತಾರೀಕು. ಆದರೆ ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಪ್ರಕಾರ, ಹಳೆಯ ಮದರಾಸು ರಾಜ್ಯದ ಬೇರೊಂದು ಮೂಲೆಯಲ್ಲಿ ಬೇರೊಂದು ಗೆರೆ ಬಿದ್ದುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಅಂದು ಮೈಸೂರು ರಾಜ್ಯಕ್ಕೆ ಹೋಯಿತು. ಅಲ್ಲಿಯವರೆಗೆ ಮಲೆ ಮಹದೇಶ್ವರನ ಬೆಟ್ಟವೂ ಕೊಯಮತ್ತೂರು ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿತ್ತು. ಕೊಳ್ಳೇಗಾಲದವರು ಕನ್ನಡ ನಾಡಿಗೆ ಸೇರಿ ನಿರಾಳರಾದರು. ಅದೇ ಜಿಲ್ಲೆಯ ಬಯಲಿನಲ್ಲಿ, ತಮಿಳು ಊರುಗಳ ನಡುವೆ ಮಗ್ಗ ಹೂಡಿ, ಹೊಲ ಉತ್ತು ಬದುಕುತ್ತಿದ್ದ ಕನ್ನಡ ಮನೆಗಳವರು ಮಾತ್ರ ಅಲ್ಲೇ ಉಳಿದರು; ಮೊದಲೇ ಕಡಿಮೆಯಿದ್ದವರು ಒಂದೇ ರಾತ್ರಿಯಲ್ಲಿ ಇನ್ನಷ್ಟು ಕಡಿಮೆಯಾದರು. ಮುಂದೆ 1979ರಲ್ಲಿ ಕೊಯಮತ್ತೂರಿನಿಂದ ಈರೋಡು ಭಾಗ ಬೇರೆಯಾಯಿತು. ಕನ್ನಡ ಊರುಗಳೇ ತುಂಬಿದ ತಾಳವಾಡಿ ಸೀಮೆ ಈಗ ಈರೋಡು ಜಿಲ್ಲೆಯಲ್ಲಿದೆ. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು.

ಗಡಿಯ ವಿವಾದವನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಭೂಪಟದ ಗೆರೆಗಳ ವಿಚಾರವಾಗಿ ಈ ಪುಟಗಳಲ್ಲಿ ಬಲ್ಲವರು ಬೇಕಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಅಂಜಿಕೆಯ ಬಗೆಗೆ. ನಾಲ್ಕು ಜನರ ಎದುರಿಗೆ ಬಾಯಿ ತೆರೆಯುವಾಗ, ಸಹಿ ಹಾಕುವಾಗ, ಊಟಕ್ಕೆ ಕುಳಿತಾಗ ಕೆಲವರಿಗೆ ಬರುವ ನಡುಕದ ಬಗೆಗೆ. ಮತ್ತು ಆ ನಡುಕದ ಬೇರಿನಲ್ಲಿ ಇರುವ, ತನ್ನ ಬಗ್ಗೆ ತಾನೇ ಮನಸ್ಸಿನಲ್ಲಿ ಬರೆದುಕೊಂಡ ಚಿತ್ರದ ಬಗೆಗೆ. ಇದಕ್ಕೆ ಕನ್ನಡದಲ್ಲಿ ಸಭಾಕಂಪವೆಂದು ಹೆಸರು. ಮಲಯಾಳದಲ್ಲಿಯೂ ಅದೇ ಮಾತು, ಸಭಾಕಂಪಂ. ತಮಿಳರು ಕೂಚ್ಚಂ ಎನ್ನುತ್ತಾರೆ. ತಿರುಕ್ಕುರಳಿನಲ್ಲಿ 73ನೆಯ ಅಧಿಕಾರವೇ 'ಅವೈ ಅಂಜಾಮೈ', ಅಂದರೆ ಸಭೆಗೆ ಅಂಜದಿರುವುದು. ಅಷ್ಟು ಹಿಂದೆಯೇ ಒಬ್ಬ ಕವಿಗೆ ಇದಕ್ಕಾಗಿ ಹತ್ತು ಕುರಳುಗಳನ್ನು ಮೀಸಲಿಡಬೇಕೆಂದು ತೋರಿತ್ತೆಂದರೆ ರೋಗ ಹೊಸದಲ್ಲ ಎಂದಾಯಿತು. ಈಗಿನ ವೈದ್ಯರು ಇದನ್ನೇ ವಿಸ್ತರಿಸಿ ಸಾಮಾಜಿಕ ಆತಂಕ ಎನ್ನುತ್ತಾರೆ.

ನಾನು ವೈದ್ಯನಲ್ಲ, ಬಿ.ಎ. ಓದಿದ ಬ್ಯಾಂಕು ಗುಮಾಸ್ತ. ವರ್ಗವಾಗಿ ಕೆಲವು ವರ್ಷ ಕೊಯಮತ್ತೂರಿನಲ್ಲಿ, ಆ ಮೇಲೆ ತಿರುಪ್ಪೂರಿನ ಕಡೆಯಲ್ಲಿ ಇದ್ದವನು. ಆದರೆ ಈ ಅಂಜಿಕೆಯನ್ನು ಪ್ರತಿದಿನ ಎದುರಿಗೆ ಕಾಣುವ ಉದ್ಯೋಗ ಯಾವುದೆಂದು ಕೇಳಿದರೆ ಶಾಲಾ ಮಾಸ್ತರಿಕೆ ಮತ್ತು ಬ್ಯಾಂಕಿನ ಕೌಂಟರು ಎಂದು ಹೇಳಬೇಕಾಗುತ್ತದೆ. ಖಾತೆ ತೆರೆಯುವಾಗ ಗಿರಾಕಿ ಮಾದರಿ ಸಹಿ ಕೊಟ್ಟಿರುತ್ತಾನೆ. ಹಣ ತೆಗೆಯುವಾಗ ಹಾಕಿದ ಸಹಿ ಅದಕ್ಕೆ ಹೊಂದಬೇಕು. ಹಿಂದೆ ಕಾರ್ಡು ಹುಡುಕಿ ತಾಳೆ ನೋಡುತ್ತಿದ್ದೆವು, ಈಗ ಕಂಪ್ಯೂಟರಿನ ತೆರೆಯ ಮೇಲೆ ಮೂಡುತ್ತದೆ. ಮನೆಯಲ್ಲಿ ಮಣೆಯ ಮೇಲೆ ಕುಳಿತು ನೀಟಾಗಿ ಸಹಿ ಹಾಕುವ ಮನುಷ್ಯನೇ ಕೌಂಟರಿನ ಮುಂದೆ, ಹಿಂದೆ ಸಾಲು ನಿಂತಿರುವಾಗ, ಪೆನ್ನು ಹಿಡಿದೊಡನೆ ಬೆರಳು ನಡುಗಿ ಅಕ್ಷರ ಸೊಟ್ಟಗಾಗುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಸಹಿ ಹೊಂದಲಿಲ್ಲವೆಂದು 'ಇನ್ನೊಮ್ಮೆ ಹಾಕಿ' ಎಂದರೆ ಎರಡನೆಯದು ಮೊದಲಿನದಕ್ಕಿಂತ ಕೆಟ್ಟಿರುತ್ತದೆ, ಮೂರನೆಯದನ್ನು ಕೇಳುವುದೇ ಬೇಡ.

ಇಂಥವರು ಎಲ್ಲ ಜಾತಿ ಭಾಷೆಗಳಲ್ಲಿಯೂ ಇದ್ದಾರೆ. ತಮಿಳರಲ್ಲಿ ಇದ್ದಾರೆ, ವಾಳಯಾರು ದಾಟಿ ಬಂದ ನಮ್ಮ ಮಲಯಾಳಿಗಳಲ್ಲಿಯೂ ಇದ್ದಾರೆ. ಕನ್ನಡದವರಿಗೆ ಮಾತ್ರ ಬರುವ ಕಾಯಿಲೆ ಇದೆಂದು ನಾನು ಹೇಳುತ್ತಿಲ್ಲ. ಆದರೆ ಕೊಂಗುನಾಡಿನ ಕನ್ನಡ ಮನೆಗಳಲ್ಲಿ ಈ ಅಂಜಿಕೆಗೆ ಒಂದು ಬೇರೆಯ ಬಣ್ಣ ಇರುವುದನ್ನು ಕಂಡೆ, ಅದಕ್ಕೆ ಒಂದು ಚರಿತ್ರೆಯೂ ಇದೆಯೆಂದು ನನಗೆ ತೋರಿತು.

ಮೊದಲು ಆ ಮನೆಗಳವರು ಯಾರೆಂದು ಹೇಳಬೇಕು. ಕೊಯಮತ್ತೂರು ಪೇಟೆ, ಸಿರುಮುಗೈ, ನೆಗಮಂ, ಪಲ್ಲಡಂ, ಉಡುಮಲೈ ಈ ಕಡೆಗಳಲ್ಲಿ ದೇವಾಂಗ ನೇಕಾರರಿದ್ದಾರೆ. ದೇವಾಂಗರೆಲ್ಲರೂ ಕನ್ನಡದವರಲ್ಲ, ತೆಲುಗು ಮಾತಾಡುವವರೂ ಉಂಟು. ಆದರೆ ಇಲ್ಲಿ ಬಹಳ ಮನೆಗಳಲ್ಲಿ ಅಡುಗೆಮನೆಯ ಮಾತು, ಮಗ್ಗದ ಮುಂದಿನ ಮಾತು ಕನ್ನಡವೇ. ಒಕ್ಕಲಿಗರಿದ್ದಾರೆ, ಅನುಪ್ಪರೆಂಬ ಬೇಸಾಯಗಾರರಿದ್ದಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಸಾಹೇಬರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಈ ಮೂವರ ಹೆಸರೂ ಇದೆ. ಅನುಪ್ಪರನ್ನು ಅಲ್ಲಿ ಮಧುರೆ, ತಿರುನೆಲ್ವೇಲಿ, ಕೊಯಮತ್ತೂರು ಜಿಲ್ಲೆಗಳ ಕನ್ನಡ ಒಕ್ಕಲು ಎಂದೇ ಕರೆದಿದೆ. ಇವರಾರೂ ನಿನ್ನೆ ಮೊನ್ನೆ ಬಂದವರಲ್ಲ. ವಿಜಯನಗರದ ಕಾಲದಲ್ಲಿ, ಅನಂತರ ಮೈಸೂರಿನವರ ಕಾಲದಲ್ಲಿ ಬೇರೆ ಬೇರೆ ಅಲೆಗಳಾಗಿ ಇಳಿದು ಬಂದವರು. ಅವರಲ್ಲಿ ಬಹಳ ಮಂದಿಗೆ ಕನ್ನಡ ಲಿಪಿ ಬಾರದು. ಲೆಕ್ಕ ಬರೆಯುವುದು, ಲಗ್ನಪತ್ರಿಕೆ ಅಚ್ಚು ಹಾಕಿಸುವುದು ತಮಿಳಿನಲ್ಲಿ. ಕನ್ನಡ ಅವರಿಗೆ ನಾಲಿಗೆಯಲ್ಲಿರುವ ಭಾಷೆ, ಕಣ್ಣಿನಲ್ಲಿರುವ ಭಾಷೆಯಲ್ಲ. ನಮ್ಮ ಕಾಸರಗೋಡಿನ ಸ್ಥಿತಿಗೂ ಅವರ ಸ್ಥಿತಿಗೂ ಇರುವ ದೊಡ್ಡ ಅಂತರ ಇದೇ. ನಮಗೆ ಶಾಲೆಯಿತ್ತು, ಪತ್ರಿಕೆಯಿತ್ತು, ಕಯ್ಯಾರರಂಥ ಕವಿಗಳಿದ್ದರು, ಬೀದಿಗಿಳಿದು ಕೂಗುವ ಅಭ್ಯಾಸವೂ ಇತ್ತು. ಅವರಿಗೆ ಮನೆಯೊಂದೇ.

ಅವರ ಕನ್ನಡ ನನ್ನ ಕಿವಿಗೆ ಬಿದ್ದುದೇ ಕೌಂಟರಿನ ಮುಂದೆ. ಒಬ್ಬ ತಾಯಿ ಮಗುವಿಗೆ ಪಿಸುಮಾತಿನಲ್ಲಿ ಏನೋ ಹೇಳುತ್ತಿದ್ದಳು, ಮಗು ಜೋರಾಗಿ ಉತ್ತರಿಸಿತು, ತಾಯಿ ಅದರ ಬಾಯಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು. ಆ ನೋಟ ನನಗೆ ಪರಿಚಿತವಾದುದೇ. ಮಾತು ಕೆಟ್ಟದ್ದೇನೂ ಆಗಿರಲಿಲ್ಲ, ಮಗು ಮಿಠಾಯಿ ಕೇಳಿತ್ತು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಆಕೆಗೆ ಸಂತೋಷಕ್ಕಿಂತ ಮೊದಲು ಗಾಬರಿಯಾಯಿತು. ಬ್ಯಾಂಕಿನಲ್ಲಿ ಮನೆಮಾತು ಕೇಳುವುದು, ಸ್ನಾನದ ಮನೆಯ ಬಾಗಿಲು ತಟ್ಟನೆ ತೆರೆದಂತೆ ಇದ್ದಿರಬೇಕು.

ಹೀಗೆ ಪರಿಚಯವಾದವರಲ್ಲಿ ನಡುವಯಸ್ಸಿನ ಒಬ್ಬ ನೇಕಾರರು. ಊರು ಹೆಸರು ಬೇಡ. ಸೀರೆ ನೇಯುವುದರಲ್ಲಿ ನಿಷ್ಣಾತರು. ವಿತ್‌ಡ್ರಾವಲ್ ಸ್ಲಿಪ್ಪನ್ನು ಮನೆಯಲ್ಲೇ ತುಂಬಿಸಿ ತರುವರು, ಸಹಿ ಮಾತ್ರ ನಮ್ಮ ಮುಂದೆ ಹಾಕಬೇಕಲ್ಲ, ಅದು ಅವರಿಗೆ ಪರ್ವತ. ಜನ ಕಡಿಮೆ ಇರುವ ಹೊತ್ತು ನೋಡಿ ಬರುತ್ತಿದ್ದರು. ಪೆನ್ನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದರೆಂದರೆ ಉಗುರು ಬಿಳಿಚುತ್ತಿತ್ತು. ಬಿಗಿಹಿಡಿದಷ್ಟೂ ನಡುಕ ಹೆಚ್ಚು. ಒಂದು ದಿನ ಮಧ್ಯಾಹ್ನ, ಚಹಾ ಕುಡಿಯುವಾಗ, ಕೇಳಿದೆ: "ಅಣ್ಣಾ, ಸಹಿ ಹಾಕುವಾಗ ನಿಮಗೆ ಏನಾಗುತ್ತದೆ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದರ ಸಾರ ಹೀಗೆ. ಸಹಿ ಹಾಕುವಾಗ ಅವರಿಗೆ ಕಾಗದ ಕಾಣುವುದಿಲ್ಲ. ಎದುರಿಗೆ ಕುಳಿತ ನಾನೂ ಕಾಣುವುದಿಲ್ಲ. ಕಾಣುವುದು ಅವರೇ. ಹಿಂದಿನಿಂದ, ಸ್ವಲ್ಪ ಮೇಲಿನಿಂದ ಯಾರೋ ನೋಡುವ ಹಾಗೆ ತಮ್ಮ ಬೆನ್ನು, ಬೆವರಿದ ಕತ್ತು, ಕೆಂಪಾದ ಕಿವಿ ಕಾಣುತ್ತದೆ. ಆ ಚಿತ್ರದಲ್ಲಿ ಅವರು ಈಗಿನ ವಯಸ್ಸಿನವರಲ್ಲ, ಸಣ್ಣ ಹುಡುಗ. ನಾಲ್ಕನೆಯ ತರಗತಿಯಲ್ಲಿ ತಮಿಳು ಪಾಠ ಗಟ್ಟಿಯಾಗಿ ಓದಬೇಕಾಗಿ ಬಂದಾಗ ನಾಲಿಗೆ ಕನ್ನಡದ ಕಡೆಗೆ ಹೊರಳಿ ಒಂದು ಶಬ್ದ ಬೇರೆಯಾಗಿ ಬಂತು. ತರಗತಿಯೆಲ್ಲ ನಕ್ಕಿತು. ಮತ್ತೆ ಓದಿಸಿದರು, ಮತ್ತೆ ನಕ್ಕರು. ಅಷ್ಟೇ. ಮೂವತ್ತೈದು ವರ್ಷಗಳ ಹಿಂದಿನ ಆ ಹುಡುಗನೇ ಇಂದಿಗೂ ಸಾಲದ ಪತ್ರಕ್ಕೆ ಸಹಿ ಹಾಕುತ್ತಿದ್ದಾನೆ.

ಇದನ್ನು ಕೇಳಿದ ಮೇಲೆ ನನಗೆ ಈ ವಿಷಯದ ಮೇಲೆ ಓದಬೇಕೆನಿಸಿತು. ಓದಿದಾಗ ತಿಳಿದದ್ದು, ಆ ನೇಕಾರರು ಚಹಾದ ಲೋಟ ಹಿಡಿದುಕೊಂಡು ಹೇಳಿದ್ದನ್ನು ಹಿಡಿಯಲು ಯುರೋಪಿನ ಪಂಡಿತರಿಗೆ ಹತ್ತಿರ ಹತ್ತಿರ ನೂರು ವರ್ಷ ಬೇಕಾಯಿತು ಎಂಬುದು.

1902ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ ಒಂದು ಮಾತನ್ನು ಬಳಕೆಗೆ ತಂದರು. ಮನುಷ್ಯನಿಗೆ 'ನಾನು' ಎಂಬ ಭಾವನೆ ಬರುವುದು ಇತರರೆಂಬ ಕನ್ನಡಿಯಲ್ಲಿ ನೋಡಿಕೊಂಡು. ನಾನು ಅವರಿಗೆ ಹೇಗೆ ಕಾಣುತ್ತೇನೆ, ಅವರು ಏನೆಂದುಕೊಳ್ಳುತ್ತಾರೆ ಎಂದು ಊಹಿಸಿ, ಆ ಊಹೆಯಿಂದ ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತೇನೆ ಎಂದು. ಇಲ್ಲಿ ಊಹೆ ಎಂಬ ಮಾತು ಮುಖ್ಯ. ಕನ್ನಡಿ ಎದುರಿನವರಲ್ಲಿಲ್ಲ, ನಮ್ಮ ತಲೆಯೊಳಗಿದೆ. (ಕೊಂಗುನಾಡಿನ ತಮಿಳರು ನಮ್ಮವರನ್ನು 'ಕನ್ನಡಿಯರ್' ಎಂದು ಕರೆಯುವುದನ್ನು ಕೇಳಿದಾಗಲೆಲ್ಲ ನನಗೆ ಈ ಕೂಲಿಯವರ ಕನ್ನಡಿ ನೆನಪಾಗಿ ನಗು ಬರುವುದುಂಟು.) ಮರುವರ್ಷ, 1903ರಲ್ಲಿ, ಫ್ರಾನ್ಸಿನ ಪಿಯರ್ ಜಾನೆ ಇತರರು ನೋಡುತ್ತಿರುವಾಗ ಮಾತಾಡಲು, ಪಿಯಾನೋ ಬಾರಿಸಲು, ಬರೆಯಲು ಹೆದರುವ ರೋಗಿಗಳ ಬಗೆಗೆ ಬರೆದರು. ಬರೆಯಲು ಹೆದರುವವರು! ನಮ್ಮ ಕೌಂಟರಿನ ರೋಗ ಶಾಸ್ತ್ರದಲ್ಲಿ ದಾಖಲಾದುದು ಅಂದಿಗೆ. ಜಪಾನಿನಲ್ಲಿ ಶೋಮಾ ಮೊರಿಟ ಎಂಬ ವೈದ್ಯರು 1920ರ ಆಸುಪಾಸಿನಲ್ಲಿ, ತನ್ನ ನೋಟದಿಂದ, ಕೆಂಪೇರಿದ ಮುಖದಿಂದ ಎದುರಿನವರಿಗೆ ಮುಜುಗರವಾಗುತ್ತದೆಂದು ಅಂಜುವವರಿಗೆ ಚಿಕಿತ್ಸೆ ಮಾಡುತ್ತಿದ್ದರು. ಪಶ್ಚಿಮದವನಿಗೆ 'ನನಗೆ ಅವಮಾನವಾದೀತು' ಎಂಬ ಭಯ, ಜಪಾನಿನವನಿಗೆ 'ನನ್ನಿಂದ ನಿಮಗೆ ತೊಂದರೆಯಾದೀತು' ಎಂಬ ಭಯ. ನಮ್ಮ ಕನ್ನಡ ತಾಯಂದಿರು ಯಾವ ಕಡೆಯವರೆಂದು ಕೇಳಿದರೆ ನಾನು ಜಪಾನಿನ ಕಡೆಗೆ ಬೆರಳು ತೋರಿಸುವೆ.

ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1980ರಲ್ಲಿ. ಅದಕ್ಕೂ ಮೊದಲೇ ಕನ್ನಡದಲ್ಲಿ ಮನಸ್ಸಿನ ವಿಚಾರವಾಗಿ ಒಳ್ಳೆಯ ಪುಸ್ತಕಗಳು ಬಂದಿದ್ದುವೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. 'ಕೊರವಂಜಿ'ಯ ಡಾಕ್ಟರ್ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಹಾಸ್ಯ ಬರೆದ ವೈದ್ಯರೇ ಮನಸ್ಸಿನ ಕಾಯಿಲೆಗಳ ಬಗೆಗೂ ಬರೆದದ್ದು ನಮ್ಮ ಭಾಗ್ಯ.

ಆದರೆ ನೇಕಾರರ ಚಿತ್ರಕ್ಕೆ ನೇರವಾದ ಉತ್ತರ ಸಿಕ್ಕುವುದು 1995ರ ಅನಂತರ. ಆ ವರ್ಷ ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಮತ್ತು ಆಡ್ರಿಯನ್ ವೆಲ್ಸ್ ಎಂಬವರು ಈ ಅಂಜಿಕೆ ಹೇಗೆ ತನ್ನನ್ನು ತಾನೇ ಸಾಕಿಕೊಳ್ಳುತ್ತದೆಂದು ವಿವರಿಸಿದರು. ಅಂಜುವ ಮನುಷ್ಯ ಜನರ ನಡುವೆ ಹೋದೊಡನೆ ಅವನ ಗಮನ ಜನರನ್ನು ಬಿಟ್ಟು ತನ್ನ ಕಡೆಗೆ ತಿರುಗುತ್ತದೆ. ಒಳಗಿನ ಬಡಿತ, ಬಿಸಿ, ನಡುಕ ಇವನ್ನೆಲ್ಲ ಕೂಡಿಸಿ, ತಾನು ಹೊರಗಿನವರಿಗೆ ಹೀಗೆಯೇ ಕಾಣುತ್ತಿರಬೇಕೆಂದು ಒಂದು ಚಿತ್ರ ಕಟ್ಟುತ್ತಾನೆ. ಎದುರಿನವರ ಮುಖವನ್ನು ನೋಡುವುದೇ ಇಲ್ಲವಾದ್ದರಿಂದ ಆ ಚಿತ್ರ ಸುಳ್ಳೆಂದು ತಿಳಿಯುವ ಸಂದರ್ಭವೇ ಬರುವುದಿಲ್ಲ. ಮರುಕಳಿಸುವ ಈ ಚಿತ್ರಗಳ ವಿಚಾರವಾಗಿ ಆನ್ ಹ್ಯಾಕ್‌ಮನ್ ಎಂಬವರೂ ಅವರ ಸಂಗಡಿಗರೂ 22 ಮಂದಿ ರೋಗಿಗಳನ್ನು ವಿಚಾರಿಸಿ 2000ದಲ್ಲಿ ಪ್ರಕಟಿಸಿದರು. ಹೆಚ್ಚು ಕಡಿಮೆ ಎಲ್ಲರ ಚಿತ್ರವೂ ಎಳೆಯ ವಯಸ್ಸಿನಲ್ಲಿ ಯಾರೋ ಹೀಯಾಳಿಸಿದ, ನಕ್ಕ, ಕಾಡಿಸಿದ ಒಂದು ನೆನಪಿಗೆ ಗಂಟು ಬಿದ್ದಿತ್ತು. ಅವರು ಬೆಳೆದಿದ್ದರು, ಚಿತ್ರ ಬೆಳೆದಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಹಳೆಯ ಫೋಟೋ ಇದ್ದ ಹಾಗೆ.

ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕೋಲೆಟ್ ಹರ್ಷ್ ಮತ್ತು ಜೊತೆಯವರು 2003ರಲ್ಲಿ ಪ್ರಕಟಿಸಿದ್ದು. ಸಾಮಾಜಿಕ ಆತಂಕವಿರುವವರನ್ನು ಅಪರಿಚಿತರೊಡನೆ ಎರಡು ಸಲ ಮಾತಿಗೆ ಕೂರಿಸಿದರು. ಒಂದು ಸಲ ತಮ್ಮ ಆ ಕೆಟ್ಟ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಇನ್ನೊಂದು ಸಲ ಅಷ್ಟು ಕೆಟ್ಟದಲ್ಲದ ಚಿತ್ರವನ್ನು ಹಿಡಿದುಕೊಂಡು ಮಾತಾಡಬೇಕು. ಕೆಟ್ಟ ಚಿತ್ರ ಹಿಡಿದಾಗ ಅವರಿಗೆ ಭಯ ಹೆಚ್ಚಾಯಿತು, ತಾವು ಕೆಟ್ಟದಾಗಿ ಕಂಡೆವೆಂದು ಅನಿಸಿತು. ಅದರಲ್ಲಿ ಆಶ್ಚರ್ಯವಿಲ್ಲ. ನೋಡುತ್ತಿದ್ದ ಬೇರೆಯವರೂ ಅವರ ಆತಂಕ ಆಗ ಹೆಚ್ಚಾಗಿ ಎದ್ದು ಕಂಡಿತೆಂದೂ, ನಡತೆಯೂ ಸ್ವಲ್ಪ ಕೆಟ್ಟಿತೆಂದೂ ಹೇಳಿದರು. ಎಂದರೆ ಚಿತ್ರ ಬರಿಯ ಭಯದ ನೆರಳಲ್ಲ. ಅದೇ ಭಯವನ್ನು ಹುಟ್ಟಿಸುತ್ತದೆ, ಮನುಷ್ಯನನ್ನು ಸ್ವಲ್ಪ ಸ್ವಲ್ಪವಾಗಿ ತನ್ನ ಹಾಗೆ ಮಾಡುತ್ತದೆ.

ಇಲ್ಲಿಗೆ ನಿಲ್ಲಿಸಿ ಒಂದು ಎಚ್ಚರಿಕೆ ಹೇಳಬೇಕು. ಒಬ್ಬ ವ್ಯಕ್ತಿಯ ಆತಂಕ ಬೇರೆ, ಒಂದು ಸಮುದಾಯದ ಹಿಂಜರಿಕೆ ಬೇರೆ. ಮೊದಲನೆಯದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ. ಎರಡನೆಯದನ್ನು ಕಾಯಿಲೆಯೆಂದು ಕರೆಯುವುದು ಅನ್ಯಾಯ. ಹಾಗಿದ್ದರೂ ಒಂದು ಮತ್ತೊಂದಕ್ಕೆ ಬೀಜ ಒದಗಿಸಬಹುದೆಂಬುದು ನನ್ನ ಅನಿಸಿಕೆ. ಹುಡುಗನ ನಾಲಿಗೆ ಹೊರಳಿದಾಗ ತರಗತಿ ನಕ್ಕಿತು. ಮನೆಗೆ ಬಂದು ಹೇಳಿದಾಗ ಅಪ್ಪ, 'ಹೊರಗೆ ನಮ್ಮ ಮಾತು ಆಡಬೇಡವೆಂದು ಹೇಳಿರಲಿಲ್ಲವೆ' ಎಂದರಂತೆ. ನಕ್ಕವರು ಮಕ್ಕಳು, ಆ ನಗೆಗೆ ಮುದ್ರೆಯೊತ್ತಿದ್ದು ಮನೆ. ಮನೆಯವರಿಗೂ ತಮ್ಮ ಬಗ್ಗೆ ಒಂದು ಹಳೆಯ ಚಿತ್ರವಿತ್ತು: ನಾವು ಎಲ್ಲಿಂದಲೋ ಓಡಿಬಂದವರು, ಪರರ ನೆಲದಲ್ಲಿ ತಲೆ ತಗ್ಗಿಸಿ ಇರಬೇಕಾದವರು. ತುಂಗಭದ್ರೆಯ ಕಡೆಯಿಂದ ದೊರೆಗಳ ಕಿರುಕುಳಕ್ಕೆ ಹೆದರಿ ದಕ್ಷಿಣಕ್ಕೆ ಬಂದೆವೆಂಬ ಐತಿಹ್ಯ ಕನ್ನಡ ಒಕ್ಕಲು ಕುಲಗಳಲ್ಲಿ ಉಂಟು. ಅದು ಎಷ್ಟು ನಿಜವೋ ಇರಲಿ, ಓಟದ ಕಥೆ ಮಾತ್ರ ಉಳಿದುಬಂತು. ಬಂದ ಮೇಲೆ ಇಷ್ಟು ಶತಮಾನ ಏನು ಮಾಡಿದರೆಂಬ ಕಥೆಯನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ.

ಹಾಗಾದರೆ ಚರಿತ್ರೆಯ ದಾಖಲೆಯಲ್ಲಿ ಅವರು ಹೇಗೆ ಕಾಣುತ್ತಾರೆ? ಹದಿನೇಳನೆಯ ಶತಮಾನದಿಂದಲೇ ಮೈಸೂರಿನ ಒಡೆಯರ ಕೈ ಕೊಂಗುನಾಡಿಗೆ ಚಾಚಿತ್ತು. ಹೈದರನ, ಟಿಪ್ಪುವಿನ ಕಾಲದಲ್ಲಿ ಕೊಯಮತ್ತೂರು ಶ್ರೀರಂಗಪಟ್ಟಣಕ್ಕೆ ಸೇರಿತ್ತು. 1790ರಲ್ಲಿ ಇಂಗ್ಲಿಷರು ಹಿಡಿದ ಅಲ್ಲಿಯ ಕೋಟೆಯನ್ನು 1791ರ ನವೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಮರಳಿ ಪಡೆಯಿತು. ಆ ಕೋಟೆ ಈಗಿಲ್ಲ, ಕೋಟ್ಟೈಮೇಡು ಎಂಬ ಹೆಸರು ಮಾತ್ರ ಉಳಿದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಈ ಸೀಮೆ ಸಂಪೂರ್ಣವಾಗಿ ಕಂಪೆನಿಯ ಪಾಲಾದುದು. ಮರುವರ್ಷವೇ ಕಂಪೆನಿಯ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೊಯಮತ್ತೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ ಬೆಳೆ, ಮಗ್ಗ, ಕಬ್ಬಿಣದ ಕುಲುಮೆ ಎಲ್ಲವನ್ನೂ ಬರೆದುಕೊಂಡರು. ಅದು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ನಮ್ಮ ಕರಾವಳಿಯನ್ನೂ ಅವರ ನೇಕಾರರನ್ನೂ ಒಂದೇ ಪ್ರಯಾಣದಲ್ಲಿ ಕಂಡ ಪುಸ್ತಕ ಅದು. ಇಷ್ಟು ಹೇಳಿದ್ದು, ಆ ನೆಲದಲ್ಲಿ ಕನ್ನಡ ಅರಮನೆಯ ಹತ್ತಿರದ ಭಾಷೆಯೂ ಆಗಿದ್ದ ಕಾಲವೊಂದಿತ್ತು ಎಂಬುದಕ್ಕೆ. ಹೆಮ್ಮೆ ಪಡಲಿಕ್ಕಲ್ಲ, ಆಳಿದವರ ಭಾಷೆಯಾಗಿದ್ದುದು ನೇಯುವವನ ಹೊಟ್ಟೆಗೆ ಏನೂ ಕೊಡಲಿಲ್ಲ. ಆದರೆ 'ಓಡಿಬಂದವರು' ಎಂಬುದೊಂದೇ ಚಿತ್ರ ಅಲ್ಲವೆಂದು ತಿಳಿಯಬೇಕು.

ಹತ್ತಿರದ ಉದಾಹರಣೆ ಬೇಕಾದರೆ, ಕನ್ನಡಿಗರು ಕಣ್ಣಿಗೊತ್ತಿಕೊಂಡ ನಟ ರಾಜಕುಮಾರ್. 1929ರಲ್ಲಿ ಅವರು ಹುಟ್ಟಿದಾಗ, ಅವರ ಹೆಸರಿನೊಂದಿಗೆ ಬರುವ ಸಿಂಗಾನಲ್ಲೂರು, ಗಾಜನೂರು ಎಂಬ ಎರಡೂ ಊರುಗಳು ಕೊಯಮತ್ತೂರು ಜಿಲ್ಲೆಯಲ್ಲಿದ್ದುವು. ಈಗ ಒಂದು ಚಾಮರಾಜನಗರಕ್ಕೆ, ಒಂದು ಈರೋಡಿಗೆ. ಇದನ್ನು ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರ ಲೆಕ್ಕದ ವಿಭಾಗದಲ್ಲಿದ್ದ ಒಬ್ಬ ಕನ್ನಡದ ಹುಡುಗನಿಗೆ ಹೇಳಿದಾಗ ಅವನು ನಂಬಲಿಲ್ಲ. "ನಮ್ಮ ಜಿಲ್ಲೆಯವರಾ ಸಾರ್?" ಎಂದು ಎರಡು ಸಲ ಕೇಳಿದ. ಅವನ ತಲೆಯಲ್ಲಿ ಕನ್ನಡವೆಂದರೆ ಬೆಂಗಳೂರಿನವರು ಆಡುವ ಶುದ್ಧ ಭಾಷೆ, ತಾನು ಆಡುವುದು ಅದರ ಕೆಟ್ಟ ನಕಲು. ತಮಿಳರೆದುರಿಗೆ ಕನ್ನಡದವನೆಂಬ ಕೂಚ್ಚಂ, ಬೆಂಗಳೂರಿನವರೆದುರಿಗೆ ತಮಿಳನೆಂಬ ಸಂಕೋಚ. ಬೆಂಗಳೂರಿನಿಂದ ಬಂದ ಒಬ್ಬ ಅಧಿಕಾರಿ ಇವನ ಕನ್ನಡ ಕೇಳಿ ನಕ್ಕುದನ್ನು ನಾನೇ ಕಂಡೆ. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಆದರೆ ಹುಡುಗ ಮತ್ತೆ ಅವರೊಡನೆ ಇಂಗ್ಲಿಷಿನಲ್ಲೇ ಮಾತಾಡಿದ. ಕನ್ನಡ ನಾಡಿನವರು ಗಡಿಯಾಚೆಯ ಕನ್ನಡದ ಬಗೆಗೆ ಸಭೆಗಳಲ್ಲಿ ಸುರಿಸುವ ಕಣ್ಣೀರನ್ನು ಸ್ವಲ್ಪ ಕಡಿಮೆ ಮಾಡಿ ಈ ನಗೆಯನ್ನು ನಿಲ್ಲಿಸಿದರೆ ಉಪಕಾರವಾದೀತು.

ನೆರೆಯ ತಮಿಳರ ಮನಸ್ಸಿನಲ್ಲಿರುವ ಚಿತ್ರವೇ ಬೇರೆ. ಸಹೋದ್ಯೋಗಿಗಳನ್ನು ನಾನು ಕೇಳಿ ನೋಡಿದ್ದೇನೆ. ಸಿರುಮುಗೈಯ ರೇಷ್ಮೆ, ನೆಗಮದ ಹತ್ತಿ ಸೀರೆ, ಸಾಲ ತಪ್ಪಿಸದ ಗಿರಾಕಿಗಳು, ದಸರೆಯ ಕತ್ತಿ ಉತ್ಸವ, ಇಷ್ಟೇ ಅವರ ತಲೆಗೆ ಬರುವುದು. ಉಚ್ಚಾರದ ವಿಚಾರ ಯಾರೂ ಎತ್ತಲಿಲ್ಲ. ಕೆಲವರಿಗೆ ತಮ್ಮ ಪಕ್ಕದ ಮೇಜಿನವರು ಮನೆಯಲ್ಲಿ ಕನ್ನಡ ಆಡುವರೆಂಬುದೇ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅಡಗಿಸಿದ್ದಾರೆ. ಒಂದೆರಡು ಜಗಳದ ಕಾಲಗಳಿದ್ದುವು; 1991ರಲ್ಲಿ ಕಾವೇರಿಯ ಗಲಭೆಯಾದಾಗ ಎರಡೂ ಕಡೆಯ ಅಲ್ಪಸಂಖ್ಯಾತರು ಹೆದರಿದ್ದರಲ್ಲಿ ಅರ್ಥವಿದೆ. ಭಯಕ್ಕೆ ಯಾವ ಕಾರಣವೂ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಮಗು ಮಿಠಾಯಿ ಕೇಳಿದಾಗ ಬಾಯಿ ಮುಚ್ಚಿಸುವುದು ಆ ಕಾರಣದಿಂದಲ್ಲ.

ಆ ಕತ್ತಿ ಉತ್ಸವವನ್ನು ನೋಡಬೇಕು. ಕೊಯಮತ್ತೂರಿನ ರಾಜವೀದಿಯಲ್ಲಿ ಚೌಡೇಶ್ವರಿಯ ಗುಡಿಯಿದೆ. ತಮಿಳಿನಲ್ಲಿ ಸೌಡೇಶ್ವರಿ ಎನ್ನುತ್ತಾರೆ. ವಿಜಯದಶಮಿಯ ದಿನ ದೇವಾಂಗ ಗಂಡಸರು, ಎಳೆಯ ಹುಡುಗರೂ ಸಹ, ಅಮ್ಮನನ್ನು ಕರೆಯುತ್ತ ಬರಿಯ ಎದೆಗೆ ಕತ್ತಿ ಹಾಕಿಕೊಳ್ಳುತ್ತ ಮೆರವಣಿಗೆಯಲ್ಲಿ ಹೋಗುತ್ತಾರೆ. ರಸ್ತೆಯ ಎರಡೂ ಬದಿ ಜನಸಾಗರ. ನಮ್ಮ ನೇಕಾರರೂ ಎಳವೆಯಿಂದ ಹಾಕಿದವರೇ. ಸಾವಿರ ಕಣ್ಣುಗಳೆದುರಿಗೆ ಎದೆಗೆ ಕತ್ತಿ ಹಾಕಿಕೊಳ್ಳುವ ಮನುಷ್ಯನಿಗೆ ನನ್ನೊಬ್ಬನೆದುರಿಗೆ ಸಹಿ ಹಾಕಲು ನಡುಕ! ಮೊದಲು ನನಗಿದು ಬಿಡಿಸಲಾರದ ಒಗಟಾಗಿತ್ತು. ಕ್ಲಾರ್ಕರ ವಿವರಣೆ ಓದಿದ ಮೇಲೆ ಹೀಗೆಂದುಕೊಂಡೆ: ಅಲ್ಲಿ ಅವರ ಗಮನ ಅಮ್ಮನ ಮೇಲಿದೆ, ತಾಳದ ಮೇಲಿದೆ, ಪಕ್ಕದವನ ಕತ್ತಿಯ ಮೇಲಿದೆ. ತನ್ನನ್ನು ತಾನು ನೋಡಿಕೊಳ್ಳಲು ಪುರುಸೊತ್ತಿಲ್ಲ. ನಮ್ಮಲ್ಲಿ ಯಕ್ಷಗಾನದ ವೇಷಧಾರಿಗಳನ್ನು ಕಂಡವರಿಗೆ ಇದು ಹೊಸತಲ್ಲ. ಚೌಕಿಯಲ್ಲಿ ನಾಲ್ಕು ಮಾತಾಡಲು ತಡವರಿಸುವವನು ಕಿರೀಟ ಕಟ್ಟಿ ರಂಗಕ್ಕೆ ಬಂದರೆ ರಾವಣನೇ.

ಅಂಜುವವರು ತಮ್ಮನ್ನು ಕಾಪಾಡಿಕೊಳ್ಳಲು ಮಾಡುವ ಉಪಾಯಗಳೇ ಅವರಿಗೆ ಶತ್ರುಗಳಾಗುತ್ತವೆ ಎಂಬುದು ಕ್ಲಾರ್ಕ್–ವೆಲ್ಸರ ಇನ್ನೊಂದು ಮಾತು. ಪೆನ್ನು ಬಿಗಿ ಹಿಡಿಯುವುದು, ವಾಕ್ಯವನ್ನು ಹತ್ತು ಸಲ ಒಳಗೇ ಹೇಳಿಕೊಂಡು ಆಮೇಲೆ ಆಡುವುದು, ಕಣ್ಣು ತಪ್ಪಿಸುವುದು. ಎದುರಿನವನಿಗೆ ಇವು ಗರ್ವದಂತೆಯೂ ಅನಾದರದಂತೆಯೂ ಕಾಣಬಹುದು. ಅನಾಹುತ ಆಗಲಿಲ್ಲವಾದರೆ 'ನಾನು ಹಾಗೆ ಮಾಡಿದ್ದರಿಂದ ತಪ್ಪಿತು' ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಹೊರಗೆ 'ನಮ್ಮ ಮಾತು' ಆಡದಿರುವುದು ಇಂಥದೇ ಉಪಾಯವೆಂದು ನನ್ನ ಭಾವನೆ. ಮೂರು ತಲೆಮಾರಿನಿಂದ ಆಡದೆ ಇದ್ದುದರಿಂದ, ಆಡಿದ್ದರೆ ಏನಾಗುತ್ತಿತ್ತೆಂದು ಯಾರಿಗೂ ಗೊತ್ತಿಲ್ಲ. ಸಂವಿಧಾನದ 350ಎ, 350ಬಿ ವಿಧಿಗಳು 1956ರಲ್ಲಿಯೇ ಸೇರಿದ್ದು ಭಾಷಾ ಅಲ್ಪಸಂಖ್ಯಾತರಿಗಾಗಿ. ಅವುಗಳ ಪ್ರಯೋಜನವನ್ನು ಕಾಸರಗೋಡಿನವರು ಜಗಳವಾಡಿಯಾದರೂ ಸ್ವಲ್ಪ ಪಡೆದೆವು. ತಮಿಳುನಾಡಿನಲ್ಲಿ 2006ರ ಕಾನೂನಿನಂತೆ ತಮಿಳು ಕಲಿಕೆ ಕಡ್ಡಾಯವಾಗುತ್ತ ಬಂತು, ಕೇರಳದಲ್ಲಿ 2017ರಲ್ಲಿ ಮಲಯಾಳ. ನಾಡಭಾಷೆ ಕಲಿಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಕಲಿತೇ ನಾನು ಹೊಟ್ಟೆ ಹೊರೆದವನು. ಆದರೆ ಹಕ್ಕನ್ನು ಕೇಳಬೇಕಾದರೆ ಮೊದಲು ನಾನು ಇಂಥವನೆಂದು ಗಟ್ಟಿಯಾಗಿ ಹೇಳಬೇಕಲ್ಲ. ಬಾಯಿ ಮುಚ್ಚಿ ಬೆಳೆದವನು ಯಾವ ಅರ್ಜಿಗೆ ಸಹಿ ಹಾಕಿಯಾನು?

ಇನ್ನು ಚಿಕಿತ್ಸೆಯ ಮಾತು. ಈ ಹಳೆಯ ಚಿತ್ರವನ್ನು ಬದಲಿಸಲು ವೈದ್ಯರು ಮಾಡುವ ಒಂದು ಕ್ರಮ ಬಹಳ ಸರಳ. ಮನುಷ್ಯನನ್ನು ಯಾರೊಡನೆಯಾದರೂ ಮಾತಾಡಿಸಿ ವಿಡಿಯೋ ತೆಗೆಯುತ್ತಾರೆ. ತೋರಿಸುವ ಮೊದಲು, 'ನೀವು ಹೇಗೆ ಕಾಣುವಿರಿ, ಎಷ್ಟು ನಡುಗುವಿರಿ, ವಿವರವಾಗಿ ಹೇಳಿ' ಎಂದು ಕೇಳುತ್ತಾರೆ. ಆಮೇಲೆ, ಪರಿಚಯವಿಲ್ಲದ ಯಾರನ್ನೋ ನೋಡುವಂತೆ ನೋಡಿ ಎನ್ನುತ್ತಾರೆ. ಹೇಳಿದ್ದಕ್ಕೂ ಕಂಡದ್ದಕ್ಕೂ ಬಹಳ ಅಂತರವಿರುತ್ತದೆ. ಇನ್ನೊಂದು ಕ್ರಮದಲ್ಲಿ, ಆ ಎಳವೆಯ ನೆನಪಿಗೇ ಮರಳಿ ಹೋಗಿ, ಈಗಿನ ವಯಸ್ಸಿನ ತಾನು ಆ ತರಗತಿಯೊಳಗೆ ಹೊಕ್ಕು ಹುಡುಗನ ಪಕ್ಕದಲ್ಲಿ ನಿಂತಂತೆ ಕಲ್ಪಿಸಿಕೊಳ್ಳಲು ಹೇಳುತ್ತಾರೆ. 2008ರಲ್ಲಿ ಇಂಗ್ಲೆಂಡಿನಲ್ಲಿ ಸಣ್ಣ ಪ್ರಮಾಣದಲ್ಲಿ ಇದನ್ನು ಪರೀಕ್ಷಿಸಿ ಗುಣ ಕಂಡಿದ್ದಾರೆ. 2013ರಲ್ಲಿ ಆ ದೇಶದ ಆರೋಗ್ಯ ಸಂಸ್ಥೆಯೊಂದು ಸಾಮಾಜಿಕ ಆತಂಕಕ್ಕೆ ಮಾತಿನ ಚಿಕಿತ್ಸೆಯನ್ನೇ ಮೊದಲು ಕೊಡಬೇಕೆಂದು ಸಲಹೆ ಮಾಡಿತು.

ನೇಕಾರರಿಗೆ ಮೊದಲನೆಯದು ಅಕಸ್ಮಾತ್ತಾಗಿ ಒದಗಿತು. ಮಗಳ ಮದುವೆಯ ವಿಡಿಯೋದಲ್ಲಿ ಅವರು ಸಭೆಯ ನಡುವೆ ನಿಂತು ಬೀಗರಿಗೆ ತಾಂಬೂಲ ಕೊಡುತ್ತಿರುವ ದೃಶ್ಯ ಬಂದಿತ್ತು. ಆ ಹೊತ್ತಿಗೆ ಕೈ ಎಷ್ಟು ನಡುಗಿತ್ತೆಂದರೆ ತಟ್ಟೆ ಬೀಳುತ್ತದೆಂದೇ ಅವರಿಗೆ ಅನಿಸಿತ್ತಂತೆ. ವಿಡಿಯೋದಲ್ಲಿ ಹುಡುಕಿ ಹುಡುಕಿ ನೋಡಿದರು, ನಡುಕ ಕಾಣಲಿಲ್ಲ. "ಯಾರೋ ದೊಡ್ಡ ಮನುಷ್ಯರ ಹಾಗೆ ನಿಂತಿದ್ದೆ" ಎಂದು ನನ್ನೊಡನೆ ನಗುತ್ತ ಹೇಳಿದರು. ಅದರಿಂದ ಸಹಿಯ ನಡುಕ ಪೂರ್ತಿ ಹೋಯಿತೆಂದು ಬರೆದರೆ ಕಥೆ ಚೆನ್ನಾಗುತ್ತದೆ, ಆದರೆ ಹೋಗಲಿಲ್ಲ. ಜನ ಇರುವ ಹೊತ್ತಿಗೂ ಬರತೊಡಗಿದರು, ಅಷ್ಟು ನಿಜ.

ನಮ್ಮ ಮನೆಗಳಲ್ಲಿ ಇಂಥವರಿದ್ದರೆ 'ಸ್ವಭಾವ ಸಾಧು' ಎಂದು ಬಿಟ್ಟುಬಿಡುವುದು ವಾಡಿಕೆ. ಹೆಣ್ಣುಮಗಳಾದರೆ ಅದನ್ನೇ ಗುಣವೆಂದು ಗಂಡಿನ ಕಡೆಯವರಿಗೆ ಹೇಳುತ್ತೇವೆ. ಇಂಟರ್‌ವ್ಯೂಗೆ ಹೋಗದೆ ಮನೆಯಲ್ಲಿ ಕುಳಿತ ಪದವೀಧರೆಯರನ್ನು ತಿರುಪ್ಪೂರಿನಲ್ಲಿಯೂ ಕಂಡಿದ್ದೇನೆ, ನಮ್ಮ ಊರಿನಲ್ಲಿಯೂ ಕಂಡಿದ್ದೇನೆ. ವೈದ್ಯರ ಬಳಿಗೆ ಹೋಗಲು ಸಂಕೋಚವೇ ಅಡ್ಡಿ ಎಂಬುದು ಈ ಕಾಯಿಲೆಯ ವಕ್ರತೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುವಂಥದು, ಇಂಥವರಿಗೆ ಅನುಕೂಲ, ಮುಖ ತೋರಿಸಬೇಕಾಗಿಲ್ಲ. ಸಂಖ್ಯೆ 14416, ಖರ್ಚಿಲ್ಲ. ಕರೆ ಮಾಡಿದಾಗ ಭಾಷೆಯನ್ನು ಆರಿಸಿಕೊಳ್ಳಬಹುದು. ತಮಿಳೂ ಇದೆ, ಮಲಯಾಳವೂ ಇದೆ, ಕನ್ನಡವೂ ಇದೆ. ನೇಕಾರರಿಗೆ ಈ ಸಂಖ್ಯೆಯನ್ನು ಬರೆದುಕೊಟ್ಟಾಗ ಅವರು ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ನಮ್ಮ ಕನ್ನಡ ಆಡಿದರೆ ಅವರಿಗೆ ತಿಳಿಯುತ್ತದಾ?"